ಅಜ್ಜನ ಜಾವಾನೋ, ಹೊಸ ಬೈಕೋ?

ಮಕ್ಕಳೇ, ಒಂದು ಮನೆಯ ಸಮಸ್ಯೆಯನ್ನು ನಿಮ್ಮ ಮುಂದೆ ಇಡುತ್ತೇವೆ. ಅದನ್ನು ಬಿಡಿಸಬೇಕಾದವರು ನೀವೇ.

ನಿಮ್ಮ ಅಜ್ಜನ ಮನೆ ನಂಜನಗೂಡಿನಲ್ಲಿದೆ ಎಂದುಕೊಳ್ಳಿ. ಹಿತ್ತಲಿನ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಒಂದು ಹಳೆಯ ಜಾವಾ ಬೈಕು ನಿಂತಿದೆ. ಅಜ್ಜ ಹರೆಯದಲ್ಲಿ ಓಡಿಸಿದ ಗಾಡಿ ಅದು. ಈಗ ನಿಮ್ಮ ಚಿಕ್ಕಪ್ಪನಿಗೆ ತಿ. ನರಸೀಪುರದಲ್ಲಿ ಕೆಲಸ ಸಿಕ್ಕಿದೆ. ದಿನಾ ಹೋಗಿ ಬರಬೇಕು. ಸಂಜೆ ಬರುವಾಗ ದಾರಿಯಲ್ಲಿರುವ ಶಾಲೆಯಿಂದ ಪುಟ್ಟ ತಂಗಿಯನ್ನು ಹಿಂದೆ ಕೂರಿಸಿಕೊಂಡು ಬರಬೇಕು.

ಅಜ್ಜ ಹೇಳುತ್ತಾರೆ: "ಇದನ್ನೇ ರಿಪೇರಿ ಮಾಡಿಸ್ಕೊ ಕಣೋ. ಇದು ಗಟ್ಟಿ ಕಬ್ಬಿಣ. ಈಗಿನ ಗಾಡಿಗಳೆಲ್ಲ ಬರೀ ತಗಡು."

ಚಿಕ್ಕಪ್ಪ ಹೇಳುತ್ತಾರೆ: "ಅಪ್ಪಾ, ಅದು ಹೊಗೆ ಬಿಡುತ್ತೆ. ಬ್ರೇಕೂ ಸರಿಯಾಗಿ ಹಿಡಿಯಲ್ಲ. ನಾನು ಹೊಸದೇ ತಗೊಳ್ತೀನಿ."

ಮನೆಯಲ್ಲಿ ಇರುವ ಹಣ ಒಂದಕ್ಕೆ ಮಾತ್ರ ಸಾಲುತ್ತದೆ. ಮಾತು ಮುಗಿಯದೆ ಇಬ್ಬರೂ ನಿಮ್ಮ ಕಡೆ ತಿರುಗುತ್ತಾರೆ. "ಏಳನೇ ಕ್ಲಾಸು ಓದ್ತಿದ್ದೀಯಲ್ಲ ಮಗು, ನೀನೇ ಹೇಳು, ಯಾವುದು ಸರಿ?"

ನೀವು ಏನು ಹೇಳುವಿರಿ? ಅಜ್ಜನ ಮೇಲೆ ಪ್ರೀತಿ ಇದ್ದರೆ ಜಾವಾ ಎನ್ನುವಿರಿ. ಹೊಸ ಬೈಕಿನ ಹೊಳಪು ಕಂಡಿದ್ದರೆ ಹೊಸದು ಎನ್ನುವಿರಿ. ಆದರೆ ವಿಜ್ಞಾನದ ವಿದ್ಯಾರ್ಥಿ ಹಾಗೆ ತಟ್ಟನೆ ಹೇಳುವುದಿಲ್ಲ. ಎರಡನ್ನೂ ಪರೀಕ್ಷಿಸಿ, ಅಳೆದು, ಆಮೇಲೆ ಹೇಳುತ್ತಾನೆ. ಬನ್ನಿ, ನಾವೂ ಹಾಗೆಯೇ ಮಾಡೋಣ.

ಮೈಸೂರಿನ ಮೋಟಾರು ಸೈಕಲ್

ಜಾವಾ ಎಂಬ ಹೆಸರು ಹುಟ್ಟಿದ್ದು ಯುರೋಪಿನ ಚೆಕ್ ನಾಡಿನಲ್ಲಿ, 1929ರಲ್ಲಿ. ಯಾನೆಚೆಕ್ ಎಂಬುವರು ವಾಂಡರರ್ ಎಂಬ ಕಂಪನಿಯಿಂದ ಬೈಕು ತಯಾರಿಸುವ ಹಕ್ಕನ್ನು ಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಜಾವಾ ಎಂದು ಕರೆದರು.

ಆ ಬೈಕು ನಮ್ಮ ಮೈಸೂರಿಗೆ ಬಂದದ್ದು ಹೇಗೆ? ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಆರಂಭವಾಯಿತು. 1961ರಿಂದ ಅಲ್ಲಿ ಬೈಕುಗಳು ತಯಾರಾಗತೊಡಗಿದವು. 1970ರ ದಶಕದಲ್ಲಿ ಅವುಗಳ ಹೆಸರು ಯೆಜ್ಡಿ ಎಂದು ಬದಲಾಯಿತು. ಇರಾನ್ ದೇಶದ ಯಾಜ್ದ್ ಎಂಬ ಊರಿನಿಂದ ಬಂದ ಹೆಸರು ಅದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಮೈಸೂರು ಸೀಮೆಯಲ್ಲಿ ಹಲವರು ತಮ್ಮ ಜಾವಾ, ಯೆಜ್ಡಿಗಳನ್ನು ಇಂದಿಗೂ ಒರೆಸಿ, ಎಣ್ಣೆ ಹಾಕಿ ಕಾಪಾಡಿಕೊಂಡಿದ್ದಾರೆ.

2018ರ ನವೆಂಬರ್‌ನಲ್ಲಿ ಜಾವಾ ಎಂಬ ಹೆಸರಿನ ಹೊಸ ಬೈಕು ಭಾರತದಲ್ಲಿ ಮತ್ತೆ ಬಂತು. ಈ ಬಾರಿ ಅದು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಟ್ಯಾಂಕಿನ ಆಕಾರ, ಎರಡು ಹೊಗೆ ಕೊಳವೆಗಳು ಹಳೆಯದರಂತೆಯೇ ಇವೆ. ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಒಳಗೆ ಇಣುಕಿದರೆ? ಅಲ್ಲಿ ಎಲ್ಲವೂ ಬೇರೆ. ಅದಕ್ಕಾಗಿಯೇ ನಮ್ಮ ಪರೀಕ್ಷೆಗೆ ಈ ಎರಡನ್ನು ಆರಿಸಿಕೊಂಡಿದ್ದೇವೆ.

ಮೊದಲು ಎಂಜಿನ್ ಅಳೆಯೋಣ

ಅಜ್ಜನ ಜಾವಾಕ್ಕೆ 250 ಎಂಬ ಸಂಖ್ಯೆ ಅಂಟಿಕೊಂಡಿದೆ. ಅದೇನು ಗೊತ್ತೇ? ಎಂಜಿನ್ನಿನ ಒಳಗೆ ಸಿಲಿಂಡರ್ ಇರುತ್ತದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಈ ಬೈಕಿನಲ್ಲಿ ಸಿಲಿಂಡರಿನ ವ್ಯಾಸ 6.5 ಸೆಂ.ಮೀ. ಪಿಸ್ಟನ್ ಓಡಾಡುವ ದೂರ 7.5 ಸೆಂ.ಮೀ. ತ್ರಿಜ್ಯ 3.25 ಸೆಂ.ಮೀ. ಆಯಿತಲ್ಲವೇ? ಈಗ ಗಾತ್ರ ಲೆಕ್ಕ ಹಾಕಿ:

22/7 × 3.25 × 3.25 × 7.5 = ಸುಮಾರು 249 ಘನ ಸೆಂ.ಮೀ.

ಇದನ್ನೇ ಪೂರ್ಣಾಂಕ ಮಾಡಿ 250 ಎನ್ನುತ್ತಾರೆ. ಅಂಗಡಿಯಲ್ಲಿ ಜನ ಹೇಳುವ 'ಸಿಸಿ' ಎಂದರೆ ಇದೇ ಘನ ಸೆಂ.ಮೀ. 2018ರ ಹೊಸ ಜಾವಾದ ಎಂಜಿನ್ 293 ಸಿಸಿ. ಗಾತ್ರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಹಳೆಯದರ ಸಾಮರ್ಥ್ಯ ಸುಮಾರು 12 ಅಶ್ವಶಕ್ತಿ, ಹೊಸದರದ್ದು ಸುಮಾರು 27 ಅಶ್ವಶಕ್ತಿ! ಎರಡು ಪಟ್ಟಿಗಿಂತ ಹೆಚ್ಚು. ಕಾರಣ ತಿಳಿಯಬೇಕಾದರೆ ಎಂಜಿನ್ ಉಸಿರಾಡುವ ಬಗೆಯನ್ನು ನೋಡಬೇಕು.

ಎರಡು ಹೊಡೆತ, ನಾಲ್ಕು ಹೊಡೆತ

ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿನೊಳಗೆ ಉರಿದಾಗ ಪಿಸ್ಟನ್ ಕೆಳಕ್ಕೆ ತಳ್ಳಲ್ಪಡುತ್ತದೆ. ಅದರಿಂದ ಚಕ್ರ ತಿರುಗುತ್ತದೆ. ಪಿಸ್ಟನ್ ಒಂದು ಸಲ ಮೇಲಿನಿಂದ ಕೆಳಗೆ ಅಥವಾ ಕೆಳಗಿನಿಂದ ಮೇಲೆ ಚಲಿಸಿದರೆ ಅದು ಒಂದು ಹೊಡೆತ.

ಹೊಸ ಬೈಕಿನದು ನಾಲ್ಕು ಹೊಡೆತದ ಎಂಜಿನ್. ಮೊದಲ ಹೊಡೆತದಲ್ಲಿ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಅದನ್ನು ಒತ್ತುತ್ತದೆ. ಮೂರನೆಯದರಲ್ಲಿ ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕನೆಯದರಲ್ಲಿ ಹೊಗೆ ಹೊರಗೆ ಹೋಗುತ್ತದೆ. ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು. ಈ ಬಾಗಿಲುಗಳಿಗೆ ಕವಾಟಗಳಿವೆ. ಅವು ಸರಿಯಾದ ಹೊತ್ತಿಗೆ ತೆರೆದು ಮುಚ್ಚುತ್ತವೆ.

ಅಜ್ಜನ ಬೈಕಿನದು ಎರಡು ಹೊಡೆತದ ಎಂಜಿನ್. ಅದರಲ್ಲಿ ಕವಾಟಗಳೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ರಂಧ್ರಗಳಿವೆ, ಅಷ್ಟೆ. ಪಿಸ್ಟನ್ ಕೆಳಗೆ ಬಂದಾಗ ರಂಧ್ರಗಳು ತೆರೆದುಕೊಳ್ಳುತ್ತವೆ, ಮೇಲೆ ಹೋದಾಗ ಮುಚ್ಚಿಕೊಳ್ಳುತ್ತವೆ. ಪಿಸ್ಟನ್, ಅದಕ್ಕೆ ಸೇರಿದ ಕೋಲು, ತಿರುಗುವ ಕ್ರಾಂಕು: ಚಲಿಸುವ ಮುಖ್ಯ ಭಾಗಗಳು ಈ ಮೂರೇ. ಎಷ್ಟು ಸರಳ ನೋಡಿ! ಕ್ರಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಮಿಶ್ರಣ ಉರಿಯುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ.

ಹಾಗಾದರೆ ಎರಡು ಹೊಡೆತದ್ದೇ ಹೆಚ್ಚು ಬಲಶಾಲಿ ಆಗಬೇಕಿತ್ತಲ್ಲ? ಇಲ್ಲಿಯೇ ಒಂದು ತೊಡಕಿದೆ.

ನಂಜನಗೂಡಿನ ದೊಡ್ಡ ಜಾತ್ರೆಯ ದಿನ ದೇವಸ್ಥಾನದ ಜನಸಂದಣಿಯನ್ನು ನೆನಪಿಸಿಕೊಳ್ಳಿ. ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಎರಡೂ ಒಟ್ಟಿಗೆ ತೆರೆದಿವೆ ಎಂದುಕೊಳ್ಳಿ. ಹೊಸಬರು ನುಗ್ಗಿ ಬಂದು ಹಳಬರನ್ನು ಹೊರಕ್ಕೆ ತಳ್ಳುತ್ತಾರೆ. ಆ ನೂಕುನುಗ್ಗಲಿನಲ್ಲಿ ಆಗ ತಾನೇ ಒಳಬಂದ ಕೆಲವರು ದರ್ಶನವೂ ಆಗದೆ ಹೊರಗೆ ಬಂದು ಬೀಳುತ್ತಾರೆ!

ಎರಡು ಹೊಡೆತದ ಎಂಜಿನ್ನಿನೊಳಗೆ ಆಗುವುದೂ ಇದೇ. ಹೊಸ ಮಿಶ್ರಣ ಒಳನುಗ್ಗಿ ಹಳೆಯ ಹೊಗೆಯನ್ನು ಹೊರದೂಡುತ್ತದೆ. ಆಗ ಹೊಸ ಮಿಶ್ರಣದ ಒಂದಷ್ಟು ಪಾಲು ಉರಿಯದೆಯೇ ಹೊಗೆ ಕೊಳವೆಯಿಂದ ಹೊರಟುಹೋಗುತ್ತದೆ. ಹಳೆಯ ಮಾದರಿಯ ಎಂಜಿನ್‌ಗಳಲ್ಲಿ ಹೀಗೆ ಪೋಲಾಗುವ ಪೆಟ್ರೋಲ್ ನಾಲ್ಕರಲ್ಲಿ ಒಂದು ಪಾಲಿನಷ್ಟು ಅಥವಾ ಅದಕ್ಕೂ ಹೆಚ್ಚು ಇರಬಹುದು.

ಇದನ್ನು ಚೆನ್ನಾಗಿ ಗಮನಿಸಿ. ಕವಾಟಗಳಿಲ್ಲದ ಕಾರಣ ಅಜ್ಜನ ಎಂಜಿನ್ ಸರಳವಾಗಿದೆ. ಕವಾಟಗಳಿಲ್ಲದ ಕಾರಣವೇ ಅದು ಪೆಟ್ರೋಲ್ ಚೆಲ್ಲುತ್ತದೆ. ಅದರ ಗುಣ ಮತ್ತು ದೋಷ ಎರಡಕ್ಕೂ ಬೇರು ಒಂದೇ.

ನೀಲಿ ಹೊಗೆಯ ಲೆಕ್ಕ

ಜಾವಾದಂಥ ಎರಡು ಹೊಡೆತದ ಬೈಕಿಗೆ ಪೆಟ್ರೋಲ್ ಹಾಕುವಾಗ ಅದರ ಜೊತೆ ಎಣ್ಣೆಯನ್ನೂ ಬೆರೆಸಬೇಕು. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 30ರಿಂದ 40 ಮಿಲಿ ಲೀಟರ್. ಎಂಜಿನ್ನಿನ ಭಾಗಗಳು ಸವೆಯದಂತೆ ಕಾಪಾಡುವುದು ಈ ಎಣ್ಣೆ. ಆದರೆ ಅದೂ ಪೆಟ್ರೋಲಿನ ಜೊತೆ ಉರಿಯುತ್ತದೆ. ಅರೆಬರೆ ಉರಿದ ಎಣ್ಣೆಯೇ ನೀಲಿಬಣ್ಣದ ಹೊಗೆಯಾಗಿ ಬರುತ್ತದೆ.

ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಅನಿಲಗಳು ಹೆಚ್ಚು ಅಪಾಯಕಾರಿ. ಇಂಧನ ಸರಿಯಾಗಿ ಉರಿಯದಿದ್ದರೆ ಇಂಗಾಲದ ಮಾನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವನ್ನು ಸೇರಿದರೆ ಆಮ್ಲಜನಕ ಸಾಗಿಸುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಪುಟ್ಟ ತಂಗಿ, ಹಿಂದೆ ಬರುವ ಸೈಕಲ್ ಸವಾರ, ಬಸ್ಸಿಗಾಗಿ ರಸ್ತೆಬದಿಯಲ್ಲಿ ಕಾಯುವವರು ಇದೇ ಗಾಳಿಯನ್ನು ಉಸಿರಾಡಬೇಕಲ್ಲವೇ?

1961ರಲ್ಲಿ ಬೈಕಿನ ಹೊಗೆಗೆ ಇಷ್ಟೇ ಮಿತಿ ಎಂಬ ನಿಯಮ ನಮ್ಮ ದೇಶದಲ್ಲಿ ಇರಲಿಲ್ಲ. ನಿಯಮ ಬಂದದ್ದು ಆಮೇಲೆ. 2020ರ ಏಪ್ರಿಲ್ 1ರಿಂದ ಹೊಸದಾಗಿ ಮಾರಾಟವಾಗುವ ವಾಹನಗಳೆಲ್ಲ ಭಾರತ್ ಸ್ಟೇಜ್ 6 ಎಂಬ ಬಿಗಿಯಾದ ಮಿತಿಯೊಳಗೆ ಇರಬೇಕು. ಅದಕ್ಕಾಗಿ ಹೊಸ ಬೈಕುಗಳಲ್ಲಿ ಎರಡು ಏರ್ಪಾಡುಗಳಿವೆ. ಒಂದು, ಚಿಕ್ಕ ಕಂಪ್ಯೂಟರ್ ಲೆಕ್ಕ ಹಾಕಿ ಬೇಕಾದಷ್ಟೇ ಪೆಟ್ರೋಲನ್ನು ಎಂಜಿನ್ನಿಗೆ ಚಿಮ್ಮಿಸುತ್ತದೆ. ಎರಡು, ಹೊಗೆ ಕೊಳವೆಯೊಳಗೆ ಜೇನುಗೂಡಿನಂಥ ಒಂದು ಭಾಗವಿದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳ ತೆಳುವಾದ ಲೇಪವಿರುತ್ತದೆ. ಇವು ಕ್ರಿಯಾವರ್ಧಕಗಳು. ವಿಷಕಾರಿ ಮಾನಾಕ್ಸೈಡನ್ನು ಇಂಗಾಲದ ಡೈಆಕ್ಸೈಡಾಗಿ ಬದಲಿಸಲು ಇವು ನೆರವಾಗುತ್ತವೆ, ತಾವು ಮಾತ್ರ ಖರ್ಚಾಗುವುದಿಲ್ಲ.

ಇದು ಜಾವಾ ಒಂದರ ಕಥೆಯಲ್ಲ. ನಿಮ್ಮ ಊರಿನಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್ ಗಾಡಿಯನ್ನು ನೋಡಿದ್ದೀರಿ. ಹಿಂದೆ ಅದರಲ್ಲೂ ಎರಡು ಹೊಡೆತದ ಎಂಜಿನ್ ಇತ್ತು. 2015ರಲ್ಲಿ ನಾಲ್ಕು ಹೊಡೆತದ ಎಂಜಿನ್ ಬಂತು.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಈಗ ಪುಟ್ಟ ತಂಗಿಯ ಸುರಕ್ಷತೆಯ ಪ್ರಶ್ನೆ. ಚಿಕ್ಕಪ್ಪ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುತ್ತಿದ್ದಾರೆ. ಮುಂದೆ ಕಬ್ಬು ತುಂಬಿದ ಗಾಡಿಯೊಂದು ತಿರುವಿನಲ್ಲಿ ಅಡ್ಡ ಬಂತು. ಅದನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕು ಎಂದುಕೊಂಡರೂ ಅಷ್ಟರಲ್ಲಿ ಬೈಕು ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ನಿಮ್ಮ ಎರಡು ತರಗತಿ ಕೋಣೆಗಳಷ್ಟು ಉದ್ದ! ಬ್ರೇಕಿನ ಕೆಲಸ ಶುರುವಾಗುವುದೇ ಅದರ ನಂತರ.

ಇನ್ನೊಂದು ವಿಷಯ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 25 ಕಿ.ಮೀ. ವೇಗದಲ್ಲಿ 4 ಮೀಟರಿನಲ್ಲಿ ನಿಲ್ಲುವ ಬೈಕು, 50 ಕಿ.ಮೀ. ವೇಗದಲ್ಲಿ ನಿಲ್ಲಲು 16 ಮೀಟರ್ ಬೇಕು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ.

ಅಷ್ಟೂ ಚಲನಶಕ್ತಿಯನ್ನು ಬ್ರೇಕು ಘರ್ಷಣೆಯಿಂದ ಶಾಖವಾಗಿ ಬದಲಿಸಬೇಕು. ಹಳೆಯ ಜಾವಾದಲ್ಲಿ ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್. ಮುಚ್ಚಿದ ಡಬ್ಬಿಯೊಳಗೆ ಎರಡು ಪಟ್ಟಿಗಳು ಅಗಲವಾಗಿ ಡಬ್ಬಿಯ ಗೋಡೆಗೆ ಉಜ್ಜುತ್ತವೆ. ಶಾಖ ಒಳಗೇ ಉಳಿಯುತ್ತದೆ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಲೇ ಬಂದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಹೊಸ ಬೈಕಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ತಟ್ಟೆಯಂಥ ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ.

ಹೊಸ ಬೈಕಿನಲ್ಲಿ ಎಬಿಎಸ್ ಎಂಬ ಇನ್ನೊಂದು ಏರ್ಪಾಡಿದೆ. ಗಾಬರಿಯಿಂದ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಚಕ್ರ ತಿರುಗುವುದನ್ನು ಪೂರ್ತಿ ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಚಕ್ರ ಅಕ್ಕಪಕ್ಕಕ್ಕೂ ಸುಲಭವಾಗಿ ಜಾರುತ್ತದೆ, ಬೈಕು ಉರುಳುತ್ತದೆ. ಚಕ್ರ ನಿಲ್ಲುವ ಹಂತಕ್ಕೆ ಬಂದಿದೆ ಎಂದು ಗೊತ್ತಾದ ಕೂಡಲೇ ಎಬಿಎಸ್ ಬ್ರೇಕನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಹೀಗೆ ಮಾಡುತ್ತದೆ. ಯಾವ ಸವಾರನ ಕೈಗೂ ಅಷ್ಟು ಚುರುಕಿಲ್ಲ. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರಿಂದ ಇದು ಕಡ್ಡಾಯವಾಗಿದೆ.

ಅಜ್ಜನ ಬೈಕಿನ ದೀಪವನ್ನೂ ಮರೆಯಬೇಡಿ. ಅದರದು 6 ವೋಲ್ಟಿನ ವ್ಯವಸ್ಥೆ, ಬೆಳಕು ಮಂಕು. ಕತ್ತಲಾದ ಮೇಲೆ ದೀಪವಿಲ್ಲದ ಎತ್ತಿನಗಾಡಿಯನ್ನು ದೂರದಿಂದಲೇ ಕಾಣಬೇಕಾದರೆ ಹೊಸ ಬೈಕಿನ ಬೆಳಕೇ ಬೇಕು.

ಹಾಗಾದರೆ ಅಜ್ಜನ ಮಾತು ಸುಳ್ಳೇ?

ಅಲ್ಲ. ಅಜ್ಜನ ಕಡೆಗೂ ನ್ಯಾಯವಿದೆ.

ಜಾವಾ ದಾರಿಯಲ್ಲಿ ಕೆಟ್ಟು ನಿಂತರೆ ಅಜ್ಜ ಏನು ಮಾಡುತ್ತಿದ್ದರು? ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಒರೆಸುತ್ತಿದ್ದರು. ಕಾರ್ಬುರೇಟರ್ ತೆಗೆದು ಕಸ ಊದುತ್ತಿದ್ದರು. ಕಿಕ್ ಹೊಡೆದು ಹೊರಡುತ್ತಿದ್ದರು. ಕಿಕ್ ಹೊಡೆಯುವ ಸನ್ನೆಯೂ ಗೇರ್ ಹಾಕುವ ಸನ್ನೆಯೂ ಅದರಲ್ಲಿ ಒಂದೇ! ಹೊಸ ಬೈಕಿನ ಕಂಪ್ಯೂಟರಿಗೆ ತೊಂದರೆಯಾದರೆ ದಾರಿಬದಿಯಲ್ಲಿ ಕೂತು ಸರಿಪಡಿಸಲು ಆಗುವುದಿಲ್ಲ. ಅದಕ್ಕೆ ತಕ್ಕ ಉಪಕರಣ ಇರುವ ಕಡೆಗೆ ಒಯ್ಯಬೇಕು.

ಇನ್ನೊಂದು ಮಾತು. ಹೊಸ ಬೈಕು ತಯಾರಿಸಲು ಅದಿರು ಅಗೆಯಬೇಕು, ಕಬ್ಬಿಣ ಕರಗಿಸಬೇಕು, ವಿದ್ಯುತ್ ಬೇಕು. ಆ ಹೊಗೆ ನಮ್ಮ ಬೀದಿಯಲ್ಲಿ ಕಾಣದಿದ್ದರೂ ಬೇರೆಲ್ಲೋ ಬಂದೇ ಬಂದಿರುತ್ತದೆ. ಅಜ್ಜನ ಬೈಕು ಆಗಲೇ ತಯಾರಾಗಿ ನಿಂತಿದೆ. ತಿಂಗಳಿಗೆ ಒಂದೆರಡು ಸಲ ಸಂತೆಗೆ ಹೋಗಿಬರಲು ಮಾತ್ರ ಬೈಕು ಬೇಕಿದ್ದರೆ, ಅದಕ್ಕಾಗಿ ಹೊಸದನ್ನು ಕೊಳ್ಳುವುದು ದಂಡವೇ ಸರಿ.

ಆದರೆ ಚಿಕ್ಕಪ್ಪ ದಿನಾ ಹೋಗಬೇಕು. ದಿನಕ್ಕೆ 60 ಕಿ.ಮೀ., ತಿಂಗಳಿಗೆ 25 ದಿನ ಎಂದುಕೊಳ್ಳೋಣ. ಒಟ್ಟು 1500 ಕಿ.ಮೀ. ಹಳೆಯದು ಲೀಟರಿಗೆ 25 ಕಿ.ಮೀ., ಹೊಸದು 35 ಕಿ.ಮೀ. ಕೊಟ್ಟರೆ? ಹಳೆಯದಕ್ಕೆ 60 ಲೀಟರ್, ಹೊಸದಕ್ಕೆ ಸುಮಾರು 43 ಲೀಟರ್. ತಿಂಗಳಿಗೆ 17 ಲೀಟರ್ ಪೆಟ್ರೋಲ್ ಉಳಿತಾಯ. ಓಡುವ ದೂರ ಹೆಚ್ಚಿದಷ್ಟೂ ತಕ್ಕಡಿ ಹೊಸದರ ಕಡೆಗೆ ವಾಲುತ್ತದೆ.

ಪೆಟ್ರೋಲಿನ ಗುಣವೂ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಎಲ್ಲಿಂದ ಬರುತ್ತದೆ ಗೊತ್ತೇ? ಕಬ್ಬಿನಿಂದ, ಧಾನ್ಯದಿಂದ. ನಂಜನಗೂಡು, ತಿ. ನರಸೀಪುರದ ಗದ್ದೆಗಳಲ್ಲಿ ಬೆಳೆಯುವಂಥ ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಅದನ್ನು ಪಡೆಯಬಹುದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಹಳೆಯ ಬೈಕಿನ ಟ್ಯಾಂಕಿನಲ್ಲಿ ಆ ನೀರು ತಳ ಸೇರಿ ತುಕ್ಕು ಹಿಡಿಸಬಹುದು. ಹಳೆಯ ಕಾಲದ ರಬ್ಬರ್ ಕೊಳವೆಗಳನ್ನೂ ಎಥನಾಲ್ ಹಾಳುಮಾಡಬಹುದು. ಈಗಿನ ಇಂಧನಕ್ಕೆ ತಕ್ಕ ಭಾಗಗಳನ್ನು ಹಾಕಿ ಹೊಸ ಬೈಕುಗಳನ್ನು ತಯಾರಿಸುತ್ತಾರೆ.

ತೀರ್ಪು

ಈಗ ಅಜ್ಜನ ಮುಂದೆ ನಿಂತು ಹೀಗೆ ಹೇಳಬಹುದು:

"ಅಜ್ಜಾ, 'ಯಾವುದು ಒಳ್ಳೇದು' ಅಂತ ಕೇಳಿದ್ರೆ ಉತ್ತರ ಸಿಗಲ್ಲ. 'ಯಾವ ಕೆಲಸಕ್ಕೆ ಯಾವುದು' ಅಂತ ಕೇಳಬೇಕು. ದಿನಾ ಅಷ್ಟು ದೂರ, ಮಳೆಯಲ್ಲಿ, ಕತ್ತಲಲ್ಲಿ ತಂಗೀನ ಕೂರಿಸ್ಕೊಂಡು ಬರೋದಕ್ಕೆ ಚಿಕ್ಕಪ್ಪನಿಗೆ ಹೊಸದೇ ಬೇಕು."

ಅಜ್ಜ ಮುಖ ಸಣ್ಣದು ಮಾಡಿಕೊಂಡು ಕೇಳಬಹುದು: "ಹಂಗಾದ್ರೆ ನನ್ನ ಗಾಡಿ ಗುಜರಿಗೇನಾ?"

ಆಗ ಕಪಿಲಾ ನದಿಯ ಮೇಲಿನ ಹಳೆಯ ಸೇತುವೆಯ ಕಡೆ ಕೈ ತೋರಿಸಿ. 1735ರಲ್ಲಿ ಕಟ್ಟಿದ ಕಲ್ಲು ಗಾರೆಯ ಸೇತುವೆ ಅದು. ಮುಂದೆ ಅದರ ಮೇಲೆ ರೈಲು ಕೂಡ ಓಡಿತು. ಬ್ರಾಡ್‌ಗೇಜ್ ಹಳಿ ಬಂದ ಮೇಲೆ ರೈಲುಗಳು ಪಕ್ಕದ ಹೊಸ ಸೇತುವೆಯ ಮೇಲೆ ಹೋಗುತ್ತಿವೆ. ಹಳೆಯದನ್ನು ಯಾರೂ ಒಡೆದು ಹಾಕಲಿಲ್ಲ, ಪಾರಂಪರಿಕ ಕಟ್ಟಡವೆಂದು ಉಳಿಸಿಕೊಂಡಿದ್ದಾರೆ. ಆದರೆ ಈಗಿನ ಭಾರವನ್ನು ಅದರ ಮೇಲೆ ಹೇರುವುದಿಲ್ಲ.

ಹಳೆಯ ವಾಹನಗಳಿಗೂ ಇಂಥದ್ದೇ ಒಂದು ನಿಯಮ 2021ರಲ್ಲಿ ಬಂದಿದೆ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಿಕೊಳ್ಳಬಹುದು. ಪ್ರದರ್ಶನ, ಮೆರವಣಿಗೆಗಳಿಗೆ ಅದನ್ನು ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇಷ್ಟು ಕೇಳಿದ ಮೇಲೆ ಅಜ್ಜ ಎದ್ದು ಕೊಟ್ಟಿಗೆಗೆ ಹೋಗಿ ಗೋಣಿತಾಟು ಸರಿಸಿದರೆ, "ಬಾ ಇಲ್ಲಿ, ಪ್ಲಗ್ ಬಿಚ್ಚೋದು ಹೇಗೆ ಅಂತ ತೋರಿಸ್ತೀನಿ" ಎಂದು ಕರೆದರೆ, ತಪ್ಪದೆ ಹೋಗಿ. ಹೊಸ ಎಂಜಿನ್ನಿನ ಕೆಲಸ ಕವಚದೊಳಗೆ ಅಡಗಿದೆ. ಅಜ್ಜನ ಎಂಜಿನ್ನನ್ನು ಬಿಚ್ಚಿ, ಮುಟ್ಟಿ, ಕಣ್ಣಾರೆ ನೋಡಿ ಕಲಿಯಬಹುದು.

ಮಾಡಿ ನೋಡಿ

1. ಶಾಲೆಯ ಮೈದಾನದಲ್ಲಿ ಒಂದು ಸೈಕಲನ್ನು ತಳ್ಳಿಕೊಂಡು ನಡೆಯಿರಿ. ಏರಿ ಕೂರಬೇಡಿ. ಸ್ನೇಹಿತರೊಬ್ಬರು ಸೀಟನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಲಿ. ಹಿಂದಿನ ಚಕ್ರ ಜಾರಿತೇ? ಈಗ ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಚಕ್ರ ಮಣ್ಣಿನಲ್ಲಿ ಗೆರೆ ಎಳೆಯುವಂತೆ ಸೈಕಲನ್ನು ತಳ್ಳುತ್ತ ಅದನ್ನೇ ಮತ್ತೆ ಮಾಡಿ. ಯಾವ ಸಲ ಸುಲಭವಾಗಿ ಪಕ್ಕಕ್ಕೆ ಜಾರಿತು? ಎಬಿಎಸ್ ಏಕೆ ಬೇಕೆಂದು ನಿಮ್ಮ ಕೈಗೇ ತಿಳಿಯುತ್ತದೆ.

2. ನಿಮ್ಮ ಮನೆಯವರ ಅಥವಾ ಶಿಕ್ಷಕರ ಬೈಕು ಎಷ್ಟು ಸಿಸಿ? ಎಷ್ಟು ಹೊಡೆತದ್ದು? ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕೋ, ಡಿಸ್ಕೋ? ಐದು ಗಾಡಿಗಳ ವಿವರ ಕೇಳಿ ಪಟ್ಟಿ ಮಾಡಿ.

3. ಚಿಕ್ಕಪ್ಪ ವಾರಕ್ಕೆ ಒಂದೇ ದಿನ ತಿ. ನರಸೀಪುರಕ್ಕೆ ಹೋಗುವುದಾದರೆ ತಿಂಗಳಿಗೆ ಎಷ್ಟು ಪೆಟ್ರೋಲ್ ಉಳಿಯುತ್ತಿತ್ತು? ಲೆಕ್ಕ ಹಾಕಿ. ಆಗಲೂ ನಿಮ್ಮ ತೀರ್ಪು ಇದೇ ಆಗಿರುತ್ತಿತ್ತೇ? ತರಗತಿಯಲ್ಲಿ ಚರ್ಚಿಸಿ.